ಡಿಡಿ (ಕುಡಿದು ಗಾಡಿ ಓಡಿಸಿದ) ಕೇಸ್ ಬಿದ್ದ ಡ್ರೈವರ್ ಡಿಎಲ್ ವಿಷಯದಲ್ಲಿ ಏನು ಮಾಡಬೇಕು?

ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಬರುವ ಡ್ರೈವರ್ ಹೇಳುವುದು ಒಂದೇ ಮಾತು: ‘ಮುಗೀತಣ್ಣ, ಪೀಡೆ ಹೋಯ್ತು.’ ಲಾರಿ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ಮುಗಿದಿರುವುದಿಲ್ಲ. ಸ್ವಂತ ಕಾರಿನವರಿಗೆ ಆ ದಂಡವೇ ದೊಡ್ಡ ಹೊಡೆತ ಇರಬಹುದು. ಹಳದಿ ಬೋರ್ಡಿನವರಿಗೆ ಅಸಲಿ ಕೇಸು ಶುರುವಾಗುವುದು ಆಮೇಲೆ, ಆರ್‌ಟಿಒ ಆಫೀಸಿನಿಂದ ನೋಟಿಸ್ ಹೊರಟ ದಿನ. ಅಲ್ಲಿ ಎಡವಿದವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ನಿನ್ನೆ ರಾತ್ರಿಯದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕೇಸು. ಲಾರಿಗೂ ಅಷ್ಟೇ, ಆಟೊಗೂ ಅಷ್ಟೇ, ಸ್ಕೂಟರಿಗೂ ಅಷ್ಟೇ. ದೇಹ ಗಂಟೆಗೆ ಸುಮಾರು 15ರಿಂದ 20 ಮಿ.ಗ್ರಾಂ. ಇಳಿಸುತ್ತದೆ, ನೀವು ಏನೇ ಮಾಡಿದರೂ ಅದಕ್ಕಿಂತ ಬೇಗ ಇಳಿಸುವುದಿಲ್ಲ. ರಾತ್ರಿ 12ಕ್ಕೆ ಬಾಟಲಿ ಕೆಳಗಿಟ್ಟಾಗ 150 ಇತ್ತು ಅಂದುಕೊಳ್ಳಿ. ಬೆಳಿಗ್ಗೆ 6ಕ್ಕೆ ಇನ್ನೂ 60 ಇರಬಹುದು, ಅಂದರೆ ಮಿತಿಯ ಎರಡು ಪಟ್ಟು. ಬೆಂಗಳೂರಿನಲ್ಲಿ ಸಂಚಾರ ಪೊಲೀಸರು ಬೆಳಿಗ್ಗೆಯೇ ಶಾಲಾ ವ್ಯಾನ್‌ಗಳನ್ನು ನಿಲ್ಲಿಸಿ ಊದಿಸುತ್ತಾರಲ್ಲ, ಅಲ್ಲಿ ‘ಬೆಳಿಗ್ಗೆಯಿಂದ ಬರೀ ಟೀ ಕುಡಿದಿದ್ದೇನೆ ಸಾರ್’ ಅನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಮೆಷಿನ್‌ಗೆ ಟೀ ಬೇಕಿಲ್ಲ.

ಲವಂಗ, ವೀಳ್ಯದೆಲೆ, ಹಸಿ ಈರುಳ್ಳಿ, ತಣ್ಣೀರ ಸ್ನಾನ ಎಲ್ಲ ಸುಮ್ನೆ. ಅವು ಬಾಯಿ ವಾಸನೆ ಮುಚ್ಚುತ್ತವೆ ಅಷ್ಟೇ, ಮೆಷಿನ್ ಅಳೆಯುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು. ಕೀಚೈನ್‌ಗೆ ಹಾಕಿಕೊಳ್ಳುವ ಅಗ್ಗದ ಮೀಟರ್ ಒಂದನ್ನು ನಾನೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ಕುಡಿದು ತೂರಾಡುತ್ತಿದ್ದವನಿಗೆ ಸೊನ್ನೆ ತೋರಿಸಿತು, ಮಜ್ಜಿಗೆ ಕುಡಿದ ನನಗೆ 40. ದುಡ್ಡು ದಂಡ, ತಗೋಬೇಡಿ. ಕೊನೆಯ ಗುಟುಕಿಗೂ ಸ್ಟೇರಿಂಗ್‌ಗೂ 12 ಗಂಟೆ ಅಂತರ ಅನ್ನುವುದು ನಮ್ಮ ಆಫೀಸಿನ ನಿಯಮ, ಇದರಲ್ಲಿ ಚೌಕಾಸಿ ಇಲ್ಲ. ತುಂಬಾ ಕುಡಿದಿದ್ದರೆ ಅದೂ ಸಾಲದು.

2. ಹಿಡಿದ ಜಾಗದಲ್ಲಿ

ಊದಿ. ‘ಊದಲ್ಲ’ ಅಂತ ಹಠ ಹಿಡಿದರೆ ಬಂಧಿಸಬಹುದು, ಆ ಹಠವೇ ಕೋರ್ಟಿನಲ್ಲಿ ನಿಮಗೆ ತಿರುಗುತ್ತದೆ. ಮೆಷಿನ್ ಸ್ಲಿಪ್‌ನಲ್ಲಿರುವ ಸಮಯ, ಅಂಕಿ, ಗಾಡಿ ನಂಬರ್ ನೋಡಿಕೊಳ್ಳಿ. ನಿಜವಾಗಿಯೂ ಕುಡಿದಿಲ್ಲ ಅಂದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಆಗಲೇ ಕೇಳಿ. ಬಂಧಿಸಿದ್ದರೆ 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಅಂತ ಕಾನೂನೇ ಹೇಳುತ್ತದೆ. ತಿಂಗಳಾದ ಮೇಲೆ ‘ಮೆಷಿನ್ ಸರಿ ಇರಲಿಲ್ಲ’ ಅಂದರೆ ಯಾರೂ ಕೇಳುವುದಿಲ್ಲ. ಇದಕ್ಕೆ ಸ್ಪಾಟ್ ಫೈನ್ ಕೂಡ ಇಲ್ಲ, ಕೋರ್ಟಿಗೇ ಹೋಗಬೇಕು. ‘ಇಲ್ಲೇ ಮುಗಿಸೋಣ’ ಅನ್ನುವ ಮಧ್ಯವರ್ತಿ ಯಾರೇ ಇರಲಿ, ನಂಬಬೇಡಿ.

ಮಾಲೀಕರಿಗೆ ಆ ರಾತ್ರಿಯೇ ಫೋನ್ ಮಾಡಿ. ಬೈಸಿಕೊಳ್ಳುವುದು ಹೇಗೂ ತಪ್ಪಿದ್ದಲ್ಲ, ಲೋಡ್ ಆದರೂ ಸಮಯಕ್ಕೆ ತಲುಪುತ್ತದೆ.

3. ಕೋರ್ಟ್

ಮೊದಲ ಸಲಕ್ಕೆ 10,000 ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿದರೆ 15,000 ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ. ಬಹಳ ಜನ ತಪ್ಪು ಒಪ್ಪಿ ದಂಡ ಕಟ್ಟಿ ಬರುತ್ತಾರೆ. ಒಪ್ಪಿದರೆ ಶಿಕ್ಷೆ ಆದಂತೆಯೇ, ಮುಂದಿನದ್ದು ‘ಎರಡನೇ ಸಲ’ ಆಗುತ್ತದೆ ಅನ್ನುವುದು ತಲೆಯಲ್ಲಿರಲಿ. ರಸೀದಿಯ ಜೊತೆ ಆದೇಶದ ನಕಲನ್ನೂ ಕೇಳಿ ತಗೊಳ್ಳಿ. 185ರಲ್ಲಿ ಶಿಕ್ಷೆಯಾದರೆ ಕನಿಷ್ಠ 6 ತಿಂಗಳು ಡಿಎಲ್ ಅನರ್ಹ ಅಂತ ಕೋರ್ಟ್ ಆದೇಶಿಸಬೇಕು ಎಂದು 20ನೇ ಸೆಕ್ಷನ್‌ನಲ್ಲಿದೆ. ನಿಮ್ಮ ಆದೇಶದಲ್ಲಿ ಆ ಸಾಲು ಇದೆಯೋ ಇಲ್ಲವೋ ಓದಿ, ಓದಲು ಬರದಿದ್ದರೆ ಓದಿಸಿಕೊಳ್ಳಿ.

4. ಆರ್‌ಟಿಒ ನೋಟಿಸ್: ಎಲ್ಲರೂ ಕೆಡಿಸಿಕೊಳ್ಳುವ ಜಾಗ

2019ರ ತಿದ್ದುಪಡಿ ಆದ ಮೇಲೆ ಪೊಲೀಸರು ಡಿಎಲ್ ವಶಕ್ಕೆ ತಗೊಂಡು ಆರ್‌ಟಿಒಗೆ ಕಳಿಸಬೇಕು. ಅಲ್ಲಿಂದ ‘ನಿಮ್ಮ ಡಿಎಲ್ ಯಾಕೆ ಅಮಾನತು ಮಾಡಬಾರದು’ ಅಂತ ಕೇಳಿ ನೋಟಿಸ್ ಬರುತ್ತದೆ. ಇದು ಕೋರ್ಟಿನ ಅನರ್ಹತೆಗಿಂತ ಬೇರೆ: ಮೊದಲ ತಪ್ಪಿಗೆ 3 ತಿಂಗಳು ಅಮಾನತು, ಮತ್ತೆ ಮಾಡಿದರೆ ಡಿಎಲ್ಲೇ ರದ್ದು. ಆದರೆ ನಿಮ್ಮ ಮಾತು ಕೇಳದೆ ಆದೇಶ ಮಾಡುವ ಹಾಗಿಲ್ಲ. ಆ ಅವಕಾಶವನ್ನೇ ನಮ್ಮ ಹುಡುಗರು ಕೈಯಾರೆ ಬಿಡುತ್ತಾರೆ.

ಹೇಗೆ ಅಂದರೆ, ನೋಟಿಸ್ ಹೋಗುವುದು ಡಿಎಲ್‌ನಲ್ಲಿರುವ ವಿಳಾಸಕ್ಕೆ. ಡ್ರೈವರ್ ಡಿಎಲ್ ಮಾಡಿಸಿದ್ದು ಹದಿನೆಂಟು ವರ್ಷದವನಿದ್ದಾಗ ಊರಿನಲ್ಲಿ, ಈಗ ಇರುವುದು ಲಾರಿ ಸ್ಟ್ಯಾಂಡ್ ಹಿಂದಿನ ಬಾಡಿಗೆ ರೂಮಿನಲ್ಲಿ. ನಮ್ಮಲ್ಲೇ ಒಬ್ಬನಿಗೆ ಬಂದ ನೋಟಿಸನ್ನು ಊರಿನಲ್ಲಿ ಅವನ ಅಜ್ಜಿ ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಸರ್ಕಾರಿ ಕಾಗದ ಅಲ್ವಾ, ಮೊಮ್ಮಗ ಹಬ್ಬಕ್ಕೆ ಬಂದಾಗ ಕೊಡೋಣ ಅಂತ. ಅವನು ದೀಪಾವಳಿಗೆ ಹೋದಾಗ ನೋಟಿಸೂ ಹಳೆಯದಾಗಿತ್ತು, ಅಮಾನತಿನ ಆದೇಶವೂ ಆಗಿತ್ತು, ಅಷ್ಟರಲ್ಲಿ ಇವನು ಅದೇ ಡಿಎಲ್ ನಂಬಿ ಮುಂಬೈಗೆ ಎರಡು ಟ್ರಿಪ್ ಹೊಡೆದಿದ್ದ.

ಅದಕ್ಕೇ ಕೋರ್ಟಿನಿಂದ ಬಂದ ವಾರವೇ ಎರಡು ಕೆಲಸ ಮಾಡಿ. ಪರಿವಾಹನ್ ವೆಬ್‌ಸೈಟಿನಲ್ಲಿ ಡಿಎಲ್ ಕೆಲಸಕ್ಕೆಂದೇ ಇರುವ ‘ಸಾರಥಿ’ಯಲ್ಲಿ ಮೊಬೈಲ್ ನಂಬರ್, ವಿಳಾಸ ಸರಿಪಡಿಸಲು ಅರ್ಜಿ ಹಾಕಿ. ಅಲ್ಲೇ ಡಿಎಲ್ ನಂಬರ್, ಹುಟ್ಟಿದ ದಿನಾಂಕ ಕೊಟ್ಟು ಡಿಎಲ್ ಸ್ಥಿತಿ ಏನು ಅಂತ ವಾರಕ್ಕೊಮ್ಮೆ ನೋಡಿ. ಕಾರ್ಡ್ ಜೇಬಿನಲ್ಲಿದ್ದ ಮಾತ್ರಕ್ಕೆ ಡಿಎಲ್ ಜೀವಂತ ಇದೆ ಅಂತಲ್ಲ. ಹತ್ತಿರವಿದ್ದರೆ ಡಿಎಲ್ ಕೊಟ್ಟ ಆರ್‌ಟಿಒಗೇ ಹೋಗಿ ನೋಟಿಸ್ ಬಂದಿದೆಯಾ ಕೇಳುವುದು ಇನ್ನೂ ವಾಸಿ.

ಇನ್ನು ಉತ್ತರ. ಒಂದೇ ಪುಟ ಸಾಕು. ನೋಟಿಸ್ ನಂಬರ್, ಡಿಎಲ್ ನಂಬರ್, ಕೇಸ್ ನಂಬರ್, ಸಿಕ್ಕ ದಿನಾಂಕ, ಆಗ ಓಡಿಸುತ್ತಿದ್ದ ಗಾಡಿ ಯಾವುದು, ಇದು ಮೊದಲ ಸಲವೇ, ದಂಡ ಕಟ್ಟಿದ್ದೀರಾ ಅಂತ ಬರೆಯಿರಿ. ರಸೀದಿ, ಆದೇಶದ ನಕಲು, ಮಾಲೀಕರ ಪತ್ರ ಲಗತ್ತಿಸಿ. ಕೋರ್ಟಿನಲ್ಲಿ ತಪ್ಪು ಒಪ್ಪಿ ಬಂದು ಇಲ್ಲಿ ‘ನಾನು ಕುಡಿದೇ ಇರಲಿಲ್ಲ, ಕೆಮ್ಮಿನ ಔಷಧಿ ಸ್ವಾಮಿ’ ಅಂತ ಬರೆಯುವವರಿದ್ದಾರೆ. ಆ ಅಧಿಕಾರಿಯ ಮುಂದೆ ಎರಡೂ ಕಾಗದ ಇರುತ್ತವೆ ಕಣ್ರಿ! ಆರ್‌ಟಿಒ ಗೇಟಿನ ಹೊರಗೆ ಕಂಪ್ಯೂಟರ್ ಇಟ್ಟುಕೊಂಡವರು ಒಂದೇ ಪತ್ರಕ್ಕೆ ಹೆಸರು ಬದಲಿಸಿ ಎಲ್ಲರಿಗೂ ಪ್ರಿಂಟ್ ತೆಗೆದು ಕೊಡುತ್ತಾರೆ. ಅದೂ ಬೇಡ. ಒಮ್ಮೆ ನನ್ನ ಕೈಗೆ ಬಂದ ಅಂಥ ಪತ್ರದಲ್ಲಿ ಟಿಪ್ಪರ್ ಡ್ರೈವರ್‌ನನ್ನು ಆಟೊ ಚಾಲಕ ಮಾಡಿದ್ದರು.

ಗಾಡಿ ಯಾವುದು ಅಂತ ಬರೆಯಿರಿ ಅಂದೆನಲ್ಲ, ಅದಕ್ಕೆ ಕಾರಣವಿದೆ. ನಮ್ಮಲ್ಲಿ ಒಬ್ಬರಿಗೆ ಒಂದೇ ಡಿಎಲ್. ಬೈಕು, ಕಾರು, ಲಾರಿ ಎಲ್ಲ ಅದರಲ್ಲೇ. ಭಾನುವಾರ ಬಾಮೈದನ ಬೈಕಿನಲ್ಲಿ ಸಿಕ್ಕಿಬಿದ್ದರೂ ಸೋಮವಾರ ಲಾರಿ ಹತ್ತುವ ಡಿಎಲ್ಲೇ ಹೋಗುತ್ತದೆ. ಆದರೆ 19ನೇ ಸೆಕ್ಷನ್‌ನಲ್ಲಿ ‘ಎಲ್ಲ ಅಥವಾ ಯಾವುದೇ’ ವರ್ಗದ ವಾಹನಕ್ಕೆ ಅನರ್ಹ ಮಾಡಬಹುದು ಅಂತಿದೆ. ಬೈಕಿನಲ್ಲಿ ಸಿಕ್ಕವನು ‘ಅಮಾನತನ್ನು ದ್ವಿಚಕ್ರ ವಾಹನಕ್ಕೆ ಸೀಮಿತ ಮಾಡಿ, ಲಾರಿಯೇ ನನ್ನ ಹೊಟ್ಟೆಪಾಡು’ ಅಂತ ಕೇಳಿಕೊಳ್ಳಬಹುದು. ಒಪ್ಪುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ. ಕೇಳದವನಿಗಂತೂ ಸಿಗುವುದಿಲ್ಲ. ಲಾರಿಯಲ್ಲೇ ಸಿಕ್ಕವನು ಈ ಸಾಲು ಬರೆಯಬೇಡಿ, ಸಿಟ್ಟು ಬರುತ್ತದೆ.

ಉತ್ತರ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ವಿಚಾರಣೆ ದಿನ ನೀವೇ ಹೋಗಿ, ಬ್ರೋಕರ್‌ನನ್ನು ಕಳಿಸಬೇಡಿ. ಆದೇಶದಲ್ಲಿ ಕಾರಣ ಬರೆದಿರಬೇಕು, ಯಾವತ್ತಿನಿಂದ ಯಾವತ್ತಿನವರೆಗೆ ಅಂತ ತಾರೀಕು ನೋಡಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಆದೇಶ ಕೈಗೆ ಬಂದು 30 ದಿನದೊಳಗೆ ಮೇಲ್ಮನವಿ.

‘ಡಿಎಲ್ ಕಳೆದುಹೋಯ್ತು ಅಂತ ಅಫಿಡವಿಟ್ ಕೊಟ್ಟು ಡೂಪ್ಲಿಕೇಟ್ ತೆಗೆಸಿಬಿಡಿ’ ಅನ್ನುವ ಮಹಾನುಭಾವರೂ ಇದ್ದಾರೆ. ಅಮಾನತು ಇರುವುದು ಕಂಪ್ಯೂಟರ್‌ನಲ್ಲಿ, ಪ್ಲಾಸ್ಟಿಕ್ ಕಾರ್ಡಿನಲ್ಲಲ್ಲ. ಜೊತೆಗೆ ಸುಳ್ಳು ಅಫಿಡವಿಟ್‌ನ ಕೇಸು ಬೇರೆ.

5. ಅಮಾನತಿನ ದಿನಗಳಲ್ಲಿ

ಓಡಿಸಬೇಡಿ. ಹತ್ತಿರದ ಗೋದಾಮಿಗೂ ಬೇಡ. ಸಿಕ್ಕರೆ 182ನೇ ಸೆಕ್ಷನ್‌ನಲ್ಲಿ 10,000 ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕನಿಗೆ 180ರಲ್ಲಿ 5,000 ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಇದು ಸಣ್ಣ ಲೆಕ್ಕ. ಅಪಘಾತವಾದರೆ ಗಾಡಿ ರಿಪೇರಿಗೆ ವಿಮಾ ಕಂಪನಿ ಕೈ ಎತ್ತುತ್ತದೆ, ಗಾಯಾಳುಗಳಿಗೆ ಪರಿಹಾರ ಕೊಟ್ಟರೂ ಆ ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡುವುದುಂಟು. ಒಂದು ಲಾರಿ ಇರುವ ಮಾಲೀಕ ಆ ಲಾರಿಯನ್ನೇ ಮಾರಬೇಕಾದೀತು. ಹಾಗಾಗಿ ಮಾಲೀಕರೇ, ಕೆಲಸಕ್ಕೆ ತಗೊಳ್ಳುವ ದಿನ ಮಾತ್ರವಲ್ಲ, ತಿಂಗಳಿಗೊಮ್ಮೆ ಸಾರಥಿಯಲ್ಲಿ ಡ್ರೈವರ್‌ಗಳ ಡಿಎಲ್ ನೋಡಿ. ಡ್ರೈವರ್ ಇಲ್ಲ ಅಂತ ಡಿಎಲ್ ಇಲ್ಲದ ಕ್ಲೀನರ್ ಕೈಗೆ ಸ್ಟೇರಿಂಗ್ ಕೊಟ್ಟರೂ ಇದೇ ಗತಿ.

ಸರ್ಕಾರಿ ಬಸ್ಸಿನ ಚಾಲಕರಾದರೆ ಇಲಾಖಾ ವಿಚಾರಣೆ ಬೇರೆ ನಡೆಯುತ್ತದೆ, ಕೋರ್ಟ್ ದಂಡ ಕಟ್ಟಿದ್ದು ಅದಕ್ಕೆ ಉತ್ತರವಲ್ಲ. ನಮ್ಮಂಥ ಕಡೆ ಆ ಮೂರು ತಿಂಗಳು ಲೋಡಿಂಗ್ ಮೇಸ್ತ್ರಿ ಕೆಲಸವನ್ನೋ, ಗೋದಾಮಿನ ಕೆಲಸವನ್ನೋ ಕೇಳಿ. ಬಾಯಿಬಿಟ್ಟು ಹೇಳಿದವನಿಗೆ ನಾನು ಕೆಲಸ ಕೊಟ್ಟಿದ್ದೇನೆ, ಮುಚ್ಚಿಟ್ಟವನನ್ನು ಮನೆಗೆ ಕಳಿಸಿದ್ದೇನೆ.

6. ವಾಪಸ್ ಪಡೆಯುವುದು

ಅವಧಿ ಮುಗಿದರೆ ಡಿಎಲ್ ತಾನಾಗಿ ಬರುವುದಿಲ್ಲ. ರಿಫ್ರೆಶರ್ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಕೊಡಬೇಕು. ತರಬೇತಿ ಎಲ್ಲಿ, ಯಾವಾಗ ಅಂತ ಮೂರನೇ ತಿಂಗಳ ಶುರುವಿನಲ್ಲೇ ಆರ್‌ಟಿಒದಲ್ಲಿ ವಿಚಾರಿಸಿ, ಕೊನೆಯ ದಿನ ಓಡಾಡಿದರೆ ಇನ್ನೊಂದು ತಿಂಗಳು ಕೂತಿರಬೇಕಾಗುತ್ತದೆ. ಕೋರ್ಟಿನ ಅನರ್ಹತೆಯೂ ಇದ್ದರೆ ಅದರ ತಾರೀಕೂ ಮುಗಿದಿರಬೇಕು. ಕಾರ್ಡ್ ಕೈಗೆ ಬಂದ ಮೇಲೂ ಸಾರಥಿ ತೆರೆದು ಡಿಎಲ್ ಚಾಲ್ತಿಯಲ್ಲಿದೆ ಅಂತ ತೋರಿಸುವುದನ್ನು ನೋಡಿ, ಅದರ ಫೋಟೊ ಹೊಡೆದು ಮಾಲೀಕರಿಗೆ ಕಳಿಸಿ, ಆಮೇಲೆ ಕೀ ಕೇಳಿ.