ಎರಡನೇ ಮನೆಯ ಸಾಲಕ್ಕೂ ತೆರಿಗೆ ಉಳಿಯಿತು: ನನ್ನ ಅನುಭವ

2024ರ ಆಗಸ್ಟ್‌ನಲ್ಲಿ ಆದಾಯ ತೆರಿಗೆ ರೀಫಂಡ್ ಬಂತು. ನನಗೆ 40 ಸಾವಿರ ಚಿಲ್ಲರೆ, ನನ್ನ ಹೆಂಡತಿಗೆ 27 ಸಾವಿರದ ಹತ್ತಿರ. "ಒಂದು ಮನೆ ಇದ್ದ ಮೇಲೆ ಇನ್ನೊಂದಕ್ಕೆ ಏನೂ ಸಿಗಲ್ಲ ಕಣಪ್ಪ" ಎಂದಿದ್ದ ಭಾವನಿಗೆ ಅವತ್ತೇ ಬ್ಯಾಂಕ್ ಮೆಸೇಜ್ ತೋರಿಸಿದೆ.

ತುಮಕೂರಿನ ಕ್ಯಾತ್ಸಂದ್ರದ ಮನೆ ಅಪ್ಪ ಕಟ್ಟಿಸಿದ್ದು, ಅದರ ಮೇಲೆ ಸಾಲ ಇಲ್ಲ. ಮರಳೂರು ಕಡೆ ಸೈಟು ತೆಗೆದುಕೊಂಡು, 35 ಲಕ್ಷ ಸಾಲ ಮಾಡಿ ಎರಡನೆಯದನ್ನು ಕಟ್ಟಿಸಿದೆವು. 2019ರ ಕೊನೆಗೆ ಪಾಯ ತೋಡಿದೆವು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತು. ಗೃಹಪ್ರವೇಶ ಆಗಿದ್ದು 2022ರ ಜೂನ್‌ನಲ್ಲಿ.

ದೊಡ್ಡ ತಪ್ಪು ಮಾಡಿದ್ದು ಈ ಮಧ್ಯದಲ್ಲೇ. ಮನೆ ಮುಗಿಯದೆ, 1961ರ ಆದಾಯ ತೆರಿಗೆ ಕಾಯ್ದೆಯ 24(ಬಿ) ಸೆಕ್ಷನ್ನಿನಲ್ಲಿ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯುವ ಹಾಗಿರಲಿಲ್ಲ. ನಾನು 2020-21ರ ರಿಟರ್ನ್‌ನಲ್ಲೇ ಕಳೆದುಬಿಟ್ಟಿದ್ದೆ. ಆಮೇಲೆ ಅಪ್‌ಡೇಟೆಡ್ ರಿಟರ್ನ್ (ತಪ್ಪು ತಿದ್ದಿ ಮತ್ತೆ ಸಲ್ಲಿಸುವ ರಿಟರ್ನ್) ಹಾಕಬೇಕಾಯಿತು. ತೆರಿಗೆ, ಬಡ್ಡಿ, ಅದರ ಮೇಲೆ ಶೇ. 25 ಹೆಚ್ಚುವರಿ, ಎಲ್ಲ ಸೇರಿ 40 ಸಾವಿರದಷ್ಟು ಕಟ್ಟಿದೆ. ಆ ತಿಂಗಳು ಚೀಟಿ ದುಡ್ಡು ಎತ್ತಿದ್ದು ಇದಕ್ಕೇ. ಮನೆ ಕಟ್ಟುವಾಗಿನ ಬಡ್ಡಿ ಹಾಳಾಗುವುದಿಲ್ಲ. ಮನೆ ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ ಸಿಗುತ್ತದೆ. ನಮ್ಮದು ಸುಮಾರು 3.5 ಲಕ್ಷ ಆಗಿತ್ತು, ವರ್ಷಕ್ಕೆ 70 ಸಾವಿರ.

ಸೈಟು ನೋಂದಣಿಗೆ ಹೋದಾಗ ಆಡಿಟರು ಒಂದೇ ಹೆಸರು ಸಾಕು ಎಂದರು. ನಾನು ಒಪ್ಪಲಿಲ್ಲ. ಸಾಲದಲ್ಲಿ ಮಾತ್ರ ಹೆಂಡತಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಅವಳಿಗೆ ಬಡ್ಡಿ ಕಳೆಯಲು ಬರುವುದಿಲ್ಲ. ಎರಡರಲ್ಲೂ ಇಬ್ಬರ ಹೆಸರು ಹಾಕಿಸಿದೆ. ಆದರೂ 2022-23ರಲ್ಲಿ ಎಡವಿದೆ. ಇಎಂಐ ಪೂರ್ತಿ ನನ್ನ ಖಾತೆಯಿಂದ ಹೋಗಿತ್ತು, ಅವಳ ಪಾಲು ಕೇಳುವ ಹಾಗಿರಲಿಲ್ಲ. ಪಾಲಿಕೆಯ ಕಂದಾಯ ಕಟ್ಟಿದ್ದು ಮಾರ್ಚ್ ದಾಟಿದ ಮೇಲೆ, ಆ ವರ್ಷದ ಲೆಕ್ಕದಲ್ಲಿ ಅದನ್ನೂ ಕಳೆಯಲಾಗಲಿಲ್ಲ. ಈಗ ಅವಳು ಪ್ರತಿ ತಿಂಗಳು 2ನೇ ತಾರೀಕು ಅರ್ಧ ದುಡ್ಡು ಇಎಂಐ ಖಾತೆಗೆ ಹಾಕುತ್ತಾಳೆ.

ಹೊಸ ಮನೆಯನ್ನು ಬಾಡಿಗೆಗೆ ಕೊಟ್ಟೆವು. "ಬಾಡಿಗೆ ಕೈಗೆ ತಗೋ, ತೋರಿಸಬೇಡ" ಎಂದವರೂ ಇದ್ದರು. ನಾನು ಬ್ಯಾಂಕಿಗೇ ಹಾಕಿಸಿಕೊಂಡೆ. 2023-24ರಲ್ಲಿ ತಿಂಗಳಿಗೆ 14 ಸಾವಿರದಂತೆ 1.68 ಲಕ್ಷ ಬಂತು. ಕಂದಾಯ 8 ಸಾವಿರ ತೆಗೆದು, ಉಳಿದದ್ದರಲ್ಲಿ ಶೇ. 30 ಕಳೆದರೆ 1.12 ಲಕ್ಷ. ಆ ಶೇ. 30ಕ್ಕೆ ಯಾವ ಬಿಲ್ಲೂ ಬೇಡ, ಸುಣ್ಣ ಬಣ್ಣ ಮಾಡಿಸಿದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. ಆ ವರ್ಷದ ಬಡ್ಡಿ 3.1 ಲಕ್ಷ, ಹಳೆಯ ಕಂತು 70 ಸಾವಿರ. ನಷ್ಟ 2.68 ಲಕ್ಷ, ತಲಾ 1.34. ಒಬ್ಬರ ಹೆಸರಲ್ಲೇ ಇದ್ದಿದ್ದರೆ ಸಂಬಳದ ಎದುರು 2 ಲಕ್ಷಕ್ಕೇ ನಿಲ್ಲುತ್ತಿತ್ತು, ಉಳಿದದ್ದನ್ನು ಮುಂದಿನ ವರ್ಷಗಳಿಗೆ ತಳ್ಳಬೇಕಿತ್ತು. ಸಂಬಳದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುವಾಗ ಈ ನಷ್ಟ ತೋರಿಸಿರಲಿಲ್ಲ, ಅದಕ್ಕೇ ಅಷ್ಟು ರೀಫಂಡ್. ಇಂಥ ನಷ್ಟವನ್ನು ಸಂಬಳದಲ್ಲಿ ಕಳೆಯಬಹುದಾದ ಹಳೆಯ ತೆರಿಗೆ ಪದ್ಧತಿ ಬೇಕೆಂದು ಜುಲೈ 31ರೊಳಗೆ ರಿಟರ್ನ್ ಹಾಕಿದ್ದೆವು. ಈಗ ಕಚೇರಿಯಲ್ಲಿ ಮೂವರು ಊಟದ ಹೊತ್ತಿಗೆ ಬಡ್ಡಿ ಸರ್ಟಿಫಿಕೇಟ್ ಹಿಡಿದು ನನ್ನ ಹತ್ತಿರವೇ ಬರುತ್ತಾರೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಟೈಲ್ಸ್‌ಗೆ ದುಡ್ಡು ಸಾಲದೆ ಅಕ್ಕನ ಹತ್ತಿರ 2 ಲಕ್ಷ ತೆಗೆದುಕೊಂಡೆ. ಬಡ್ಡಿಯನ್ನು ಬ್ಯಾಂಕಿನಲ್ಲೇ ಕೊಟ್ಟು, ಅವಳಿಂದ ಪತ್ರ ಬರೆಸಿಕೊಂಡೆ. 24(ಬಿ)ಯಲ್ಲಿ ಅದೂ ನಡೆಯುತ್ತಿತ್ತು, ಅಸಲಿಗೆ ಮಾತ್ರ 80ಸಿ (ಬ್ಯಾಂಕ್ ಸಾಲದ ಅಸಲಿಗೆ ಸಿಗುತ್ತಿದ್ದ ಕಡಿತ) ಇರಲಿಲ್ಲ. ಅಕ್ಕ ಆ ಬಡ್ಡಿಯನ್ನು ತನ್ನ ಆದಾಯದಲ್ಲಿ ತೋರಿಸಬೇಕು, ತೋರಿಸಿದಳು.

2025-26ಕ್ಕೆ ಮತ್ತೆ ಕೂತು ಲೆಕ್ಕ ಹಾಕಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ಹೆಂಡತಿಗೆ ತೆರಿಗೆಯೇ ಇಲ್ಲ. ನನ್ನ ತೆರಿಗೆಯೂ 30 ಸಾವಿರಕ್ಕಿಂತ ಹೆಚ್ಚು ಇಳಿಯುತ್ತದೆ. ಅಲ್ಲಿ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಮುಂದಕ್ಕೂ ಒಯ್ಯಲು ಬರುವುದಿಲ್ಲ. ಆದರೆ ಬಡ್ಡಿ ಬಾಡಿಗೆಯನ್ನಂತೂ ಪೂರ್ತಿ ಮುಚ್ಚುತ್ತದೆ. ಹಾಗಾಗಿ ಈ ಸಲ ಇಬ್ಬರೂ ಹೊಸದಕ್ಕೆ ಬಂದಿದ್ದೇವೆ. ಇಎಂಐ ಖಾತೆಗೆ ಅವಳ ಅರ್ಧ ಪಾಲು ಮಾತ್ರ 2ನೇ ತಾರೀಕು ಹಾಗೇ ಬೀಳುತ್ತಿದೆ.