ಟ್ರ್ಯಾಕ್ಟರ್ ಕ್ಯಾಬಿನ್ನಿನ ಒಳ ಪ್ಯಾನೆಲ್‌ಗಳನ್ನು ಬಿಚ್ಚುವ ಮತ್ತು ಮರಳಿ ಕೂರಿಸುವ ಕ್ರಮ

ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಹೊಲಗಳಲ್ಲಿ, ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಎಸಿ ಕ್ಯಾಬಿನ್ ಉಳ್ಳ ಟ್ರ್ಯಾಕ್ಟರುಗಳು ಈಗ ಕಣ್ಣಿಗೆ ಬೀಳುತ್ತವೆ. ಎಂಜಿನ್, ಗೇರ್‌ಬಾಕ್ಸ್ ಬಿಚ್ಚಬಲ್ಲ ನುರಿತ ಮೆಕ್ಯಾನಿಕ್‌ಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಎಸಿ ಗಾಳಿಯನ್ನು ಊದುವ ಬ್ಲೋವರ್ ನಿಂತುಹೋದಾಗ, ಚಾವಣಿಯಿಂದ ಚಾಲಕನ ಹೆಗಲ ಮೇಲೆ ನೀರು ತೊಟ್ಟಿಕ್ಕತೊಡಗಿದಾಗ, ಇಲಿ ವೈರು ಕಡಿದು ಮೇಲಿನ ವರ್ಕ್ ಲೈಟ್ ಆರಿದಾಗ ದೋಷದ ಜಾಗ ಕೈಗೆ ಸಿಗಬೇಕಾದರೆ ಮೊದಲು ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್‌ಗಳನ್ನು ಬಿಚ್ಚಬೇಕು. ಆ ಕೆಲಸವನ್ನು ಮಾತ್ರ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಮುಗಿಸುವವರೇ ಹೆಚ್ಚು. ಈ ರೂಢಿ ಬಿಡಬೇಕು. ಒಳ ಪ್ಯಾನೆಲ್‌ಗಳು ವೈರಿಂಗನ್ನು ಕಾಪಾಡುತ್ತವೆ, ಎಸಿ ಗಾಳಿಗೆ ದಾರಿ ಮಾಡಿಕೊಡುತ್ತವೆ, ಎಂಜಿನ್ನಿನ ಸದ್ದನ್ನು ತಗ್ಗಿಸುತ್ತವೆ, ದೂಳು ನುಗ್ಗುವ ಸಂದುಗಳನ್ನು ಮುಚ್ಚುತ್ತವೆ. ಎರಡು ಕ್ಲಿಪ್ ಮುರಿದರೆ ಸಾಕು, ದಿನವಿಡೀ ಸ್ಟೀರಿಂಗ್ ಹಿಡಿದು ಕೂರುವ ಚಾಲಕನಿಗೆ ಗಡಗಡ ಸದ್ದು ಮತ್ತು ಎರೆಮಣ್ಣಿನ ದೂಳು ಎರಡೂ ತಪ್ಪಿದ್ದಲ್ಲ.

ಬಿಚ್ಚುವ ಮುನ್ನ

ಪ್ಯಾನೆಲ್ ಬಿಚ್ಚುವ ಅಗತ್ಯವಿದೆಯೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಬ್ಲೋವರ್ ಯಾವ ವೇಗದಲ್ಲಿಯೂ ತಿರುಗದಿದ್ದರೆ ಫ್ಯೂಸ್ ಮತ್ತು ರಿಲೇಯನ್ನು ನೋಡಿದ ನಂತರವೇ ಮುಂದಿನ ಮಾತು. ಕೊನೆಯ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ ಮೋಟಾರ್ ಚೆನ್ನಾಗಿದೆ ಎಂದೇ ಅರ್ಥ. ವೇಗ ಇಳಿಸುವ ರೆಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು, ಅದನ್ನು ಬದಲಿಸಲು ಒಂದೇ ಪ್ಯಾನೆಲ್ ತೆಗೆದರೆ ಸಾಕಾಗಬಹುದು. ಗಾಳಿ ಕಡಿಮೆ ಬರುತ್ತಿದೆ ಎಂಬ ದೂರಿಗೆ ಎಷ್ಟೋ ಸಲ ಕಟ್ಟಿಕೊಂಡ ಕ್ಯಾಬಿನ್ ಫಿಲ್ಟರ್ ಕಾರಣವಾಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಮುಚ್ಚಳವೇ ಇರುತ್ತದೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಡೀಲರ್‌ಗೆ ತಿಳಿಸದೆ ಕೈ ಹಾಕುವುದು ಸರಿಯಲ್ಲ.

ಟ್ರ್ಯಾಕ್ಟರನ್ನು ಸಮತಟ್ಟಾದ ನೆರಳಿನಲ್ಲಿ ನಿಲ್ಲಿಸಿ, ಹಿಂದಿನ ಉಪಕರಣವನ್ನು ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಮೊದಲು ನೆಗೆಟಿವ್ ಏಕೆಂದರೆ, ಗಾಡಿಯ ಕಬ್ಬಿಣವೆಲ್ಲ ನೆಗೆಟಿವ್‌ಗೆ ಸೇರಿರುವುದರಿಂದ ಪಾಸಿಟಿವ್ ಬಿಚ್ಚುವಾಗ ಪಾನಾ ಎಲ್ಲಾದರೂ ಬಾಡಿಗೆ ತಾಗಿದರೆ ಕಿಡಿ ಹಾರಿ ಶಾರ್ಟ್ ಆಗುತ್ತದೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಟ್ರೆಮ್ 4 ನಿಯಮ 2023ರ ಜನವರಿಯಿಂದ ಜಾರಿಯಾದ ಮೇಲೆ ಎಂಜಿನ್ನಿನ ಎಲೆಕ್ಟ್ರಾನಿಕ್ಸ್ ಹೆಚ್ಚಾಗಿದೆ. ಅಂತಹ ಗಾಡಿಗಳಲ್ಲಿ ಕೀಲಿ ತೆಗೆದ ಕೂಡಲೇ ಬ್ಯಾಟರಿಗೆ ಕೈ ಹಾಕದೆ ಕೆಲವು ನಿಮಿಷ ತಾಳುವುದು ಒಳ್ಳೆಯದು.

ಸಲಕರಣೆಗಳು ಬಹಳ ಬೇಕಿಲ್ಲ: ಸಾಕೆಟ್ ಸೆಟ್, ನಕ್ಷತ್ರದ ತಲೆಯ ಟಾರ್ಕ್ಸ್ ಬಿಟ್‌ಗಳು, ಅಲೆನ್ ಕೀ, ಪ್ಲಸ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಟಾರ್ಚ್ ಮತ್ತು ಕ್ಲಿಪ್ ಮೀಟುವ ಪ್ಲಾಸ್ಟಿಕ್ ಪಟ್ಟಿ. ಈ ಪಟ್ಟಿಗಳ ಸೆಟ್ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗವಾಗಿಯೇ ದೊರೆಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಯಾನೆಲಿನ ಅಂಚು ಮುರಿಯುತ್ತದೆ, ಹಿಂದಿನ ಬಣ್ಣ ಕೆರೆದುಹೋಗಿ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಸ್ಕ್ರೂಗಳನ್ನು ಇಡಲು ಮೊಟ್ಟೆಯ ಟ್ರೇ ಅತ್ಯಂತ ಅನುಕೂಲ. ಒಂದೊಂದು ಗುಳಿಯಲ್ಲಿ ಒಂದೊಂದು ಪ್ಯಾನೆಲಿನ ಸ್ಕ್ರೂ ಹಾಕಿ, ಪಕ್ಕದಲ್ಲಿ ಮಾರ್ಕರ್‌ನಿಂದ ಹೆಸರು ಬರೆಯಬೇಕು. ಒಂದೇ ಪ್ಯಾನೆಲಿಗೆ ಉದ್ದನೆಯ ಮತ್ತು ಗಿಡ್ಡನೆಯ ಸ್ಕ್ರೂಗಳು ಎರಡೂ ಇರುವುದುಂಟು, ಮತ್ತು ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಉದ್ದದ್ದನ್ನು ಹಾಕಿದರೆ ಅದು ಹಿಂದಿರುವ ವೈರನ್ನು ಚುಚ್ಚಿಬಿಡುತ್ತದೆ. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಹತ್ತಿರದಿಂದ ಒಂದು, ಆ ಜಾಗ ಕ್ಯಾಬಿನ್ನಿನಲ್ಲಿ ಎಲ್ಲಿದೆ ಎಂದು ತೋರುವಂತೆ ದೂರದಿಂದ ಇನ್ನೊಂದು.

ಬಿಚ್ಚುವುದು

ಪ್ಯಾನೆಲ್‌ಗಳು ಒಂದರ ಅಂಚನ್ನು ಇನ್ನೊಂದು ಮುಚ್ಚುವಂತೆ ಕೂತಿರುತ್ತವೆ. ಆದ್ದರಿಂದ ಕೊನೆಯಲ್ಲಿ ಕೂರಿಸಿದ್ದನ್ನು ಮೊದಲು ತೆಗೆಯಬೇಕು. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಮೊದಲು ನೆಲದ ರಬ್ಬರ್ ಮ್ಯಾಟ್, ನಂತರ ಪಕ್ಕದ ಕನ್ಸೋಲ್‌ಗಳು, ಆಮೇಲೆ ಕಂಬಗಳ ಹೊದಿಕೆ, ಕಡೆಗೆ ಚಾವಣಿಯ ಲೈನಿಂಗ್ ಬರುತ್ತದೆ. ಚಾವಣಿಯ ಲೈನಿಂಗಿನ ಅಂಚು ಕಂಬದ ಹೊದಿಕೆಯ ಹಿಂದೆ ಸಿಕ್ಕಿರುವುದರಿಂದ ಕಂಬ ಬಿಚ್ಚದೆ ಚಾವಣಿಯನ್ನು ಎಳೆದರೆ ಮೂಲೆ ಹರಿಯುತ್ತದೆ. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಕೂಡ ಕಂಬದ ಪ್ಯಾನೆಲಿನ ತುದಿಯನ್ನು ಹಿಡಿದುಕೊಂಡಿರುತ್ತದೆ. ಅದನ್ನು ಆ ಭಾಗದಲ್ಲಿ ಮಾತ್ರ ಕೈಯಿಂದ ಬಿಡಿಸಿ ಪಕ್ಕಕ್ಕೆ ಸರಿಸಿದರೆ ಸಾಕು, ಪೂರ್ತಿ ಕಿತ್ತುಹಾಕುವ ಅಗತ್ಯವಿಲ್ಲ.

ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ಪ್ಯಾನೆಲ್ ಅಲುಗದಿದ್ದರೆ ಬಲ ಹಾಕದೆ ಕಣ್ಣಿಗೆ ಬೀಳದ ಸ್ಕ್ರೂವನ್ನು ಹುಡುಕಬೇಕು. ಅದು ನಾಣ್ಯದಷ್ಟಗಲದ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿರಬಹುದು, ಕೈಹಿಡಿಯ ಎರಡು ತುದಿಗಳಲ್ಲಿರಬಹುದು, ಎಚ್ಚರಿಕೆಯ ಸ್ಟಿಕ್ಕರಿನ ಹಿಂದಿರಬಹುದು, ಕಪ್ ಇಡುವ ಗುಳಿಯ ರಬ್ಬರಿನ ಕೆಳಗೂ ಇರಬಹುದು. ಪ್ಯಾನೆಲಿನ ಒಂದು ಮೂಲೆ ಎದ್ದು ಇನ್ನೊಂದು ಜಾಗದಲ್ಲಿ ಬಿಗಿದು ನಿಂತಿದ್ದರೆ ಅಲ್ಲಿ ಸ್ಕ್ರೂ ಇದೆ ಎಂದೇ ಭಾವಿಸಬೇಕು.

ಸ್ಕ್ರೂಗಳೆಲ್ಲ ಹೊರಬಂದ ನಂತರ ಉಳಿಯುವುದು ಒತ್ತು ಕ್ಲಿಪ್‌ಗಳು. ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನೊಳಗೆ ಸೇರಿಸಿ ಮೆಲ್ಲಗೆ ಜಾರಿಸುತ್ತ ಹೋದರೆ ಕ್ಲಿಪ್ ಇರುವಲ್ಲಿ ಅದು ತಡೆದು ನಿಲ್ಲುತ್ತದೆ. ಅಲ್ಲಿಯೇ, ಕ್ಲಿಪ್ಪಿಗೆ ತೀರ ಹತ್ತಿರದಲ್ಲಿ, ಗೋಡೆಗೆ ನೇರವಾಗಿ ಹೊರಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಕ್ಲಿಪ್ಪಿನ ಕುತ್ತಿಗೆ ಮುರಿಯುತ್ತದೆ. ಒಂದು ತುದಿಯಿಂದ ಆರಂಭಿಸಿ ಒಂದೊಂದನ್ನೇ ಬಿಡಿಸುತ್ತ ಸಾಗಬೇಕೇ ಹೊರತು, ನಡುವಿನಲ್ಲಿ ಹಿಡಿದು ಒಮ್ಮೆಲೇ ಜಗ್ಗಬಾರದು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಬಿಸಿಲೇರಿ ಕ್ಯಾಬಿನ್ ಸ್ವಲ್ಪ ಕಾದ ಮೇಲೆ ಇದೇ ಕೆಲಸ ಸಲೀಸಾಗುತ್ತದೆ.

ಪ್ಯಾನೆಲ್ ಕೈಗೆ ಬಂತೆಂದು ತಟ್ಟನೆ ಎತ್ತಿಕೊಳ್ಳಬಾರದು, ಏಕೆಂದರೆ ಸ್ವಿಚ್, ಸ್ಪೀಕರ್, ಒಳದೀಪಗಳ ವೈರುಗಳು ಹಿಂದೆ ಜೋತಿರುತ್ತವೆ. ನಾಲ್ಕು ಬೆರಳಷ್ಟು ಸರಿಸಿ, ಟಾರ್ಚ್ ಹಾಕಿ ನೋಡಿ, ಕನೆಕ್ಟರಿನ ಲಾಕನ್ನು ಹೆಬ್ಬೆರಳಿನಿಂದ ಅದುಮಿ, ಕನೆಕ್ಟರಿನ ಮೈಯನ್ನೇ ಹಿಡಿದು ಎಳೆಯಬೇಕು. ವೈರು ಹಿಡಿದು ಎಳೆದರೆ ಒಳಗಿನ ಪಿನ್ ಕಳಚುತ್ತದೆ. ಒಂದೇ ಬಗೆಯ ಎರಡು ಕನೆಕ್ಟರ್‌ಗಳು ಅಕ್ಕಪಕ್ಕ ಇದ್ದರೆ ಎರಡಕ್ಕೂ ಟೇಪ್ ಸುತ್ತಿ ಗುರುತು ಬರೆಯಬೇಕು. ಚಾವಣಿಯ ಲೈನಿಂಗ್ ತೆಗೆಯುವಾಗ ಇಬ್ಬರಿರುವುದು ಅವಶ್ಯ: ಒಬ್ಬರು ಎರಡೂ ಕೈಗಳಿಂದ ಆನಿಸಿ ಹಿಡಿದರೆ ಇನ್ನೊಬ್ಬರು ಕೊನೆಯ ಸ್ಕ್ರೂಗಳನ್ನು ಮತ್ತು ವೈರುಗಳನ್ನು ಬಿಡಿಸಬಹುದು.

ಬಲಗಡೆಯ ಕನ್ಸೋಲ್ ಹೆಚ್ಚು ತಾಳ್ಮೆ ಬೇಡುತ್ತದೆ. ಹೈಡ್ರಾಲಿಕ್ ಲಿವರ್‌ಗಳು ಮತ್ತು ಹ್ಯಾಂಡ್ ಥ್ರಾಟಲ್ ಅದರ ಸೀಳುಗಳ ಮೂಲಕ ಹೊರಬಂದಿರುವುದರಿಂದ ಮೊದಲು ಲಿವರಿನ ಗುಬುಟುಗಳನ್ನು ತಿರುಗಿಸಿಯೋ ಎಳೆದೋ ತೆಗೆಯಬೇಕು. ಕೇಬಲ್ಲುಗಳ ಅಡ್ಜಸ್ಟಿಂಗ್ ನಟ್ಟುಗಳನ್ನು ಮಾತ್ರ ಮುಟ್ಟಬಾರದು. ಅವುಗಳ ಅಳತೆ ತಪ್ಪಿದರೆ ಲಿಫ್ಟ್ ಸರಿಯಾಗಿ ಏಳುವುದಿಲ್ಲ, ಥ್ರಾಟಲ್ ಪೂರ್ತಿ ಇಳಿಯುವುದಿಲ್ಲ. ಸೀಟ್ ಅಡ್ಡವಾದರೆ ಬೋಲ್ಟ್‌ಗಳನ್ನು ಬಿಚ್ಚಿ ತೆಗೆಯಬಹುದು, ಆದರೆ ಎತ್ತುವ ಮುನ್ನ ಅಡಿಯಲ್ಲಿ ಸೀಟ್ ಸ್ವಿಚ್ಚಿನ ವೈರು ಇದೆಯೇ ಎಂದು ನೋಡಿಕೊಳ್ಳಬೇಕು.

ಮುಟ್ಟಲೇಬಾರದ ಎರಡು ವಿಷಯಗಳಿವೆ. ಎಸಿ ಪೈಪುಗಳ ಜೋಡಣೆಯನ್ನು ಸಡಿಲಿಸಬಾರದು. ಒಳಗೆ ಒತ್ತಡದಲ್ಲಿರುವ ಆರ್-134ಎ ಅನಿಲ ಹೊರಗಿನ ಗಾಳಿಯೊತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವಂಥದ್ದು, ಚಿಮ್ಮಿ ಚರ್ಮಕ್ಕೋ ಕಣ್ಣಿಗೋ ತಗುಲಿದರೆ ಅಲ್ಲಿಯ ಅಂಗಾಂಶವೇ ಹೆಪ್ಪುಗಟ್ಟುತ್ತದೆ. ಗಾಳಿಯನ್ನು ತಂಪು ಮಾಡುವ ಭಾಗವಾದ ಇವಾಪರೇಟರನ್ನೇ ತೆಗೆಯಬೇಕಾದರೆ ಅನಿಲವನ್ನು ಯಂತ್ರದಿಂದ ಹೊರತೆಗೆಯಬಲ್ಲ ಎಸಿ ಮೆಕ್ಯಾನಿಕ್‌ನ ಕೆಲಸ ಅದು. ಎರಡನೆಯದು ಕ್ಯಾಬಿನ್ನಿನ ಕಂಬಗಳು. ಟ್ರ್ಯಾಕ್ಟರ್ ಪಲ್ಟಿಯಾದಾಗ ಚಾಲಕನ ಜೀವ ಉಳಿಸುವುದು ಆ ಕಂಬಗಳೇ ಆದ್ದರಿಂದ ಅವುಗಳಲ್ಲಿ ಹೊಸ ತೂತು ಕೊರೆಯುವುದು, ವೆಲ್ಡಿಂಗ್ ಮಾಡುವುದು ಎಂದಿಗೂ ಕೂಡದು. ಕ್ಲಿಪ್ ಮುರಿದಿದೆ ಎಂಬ ಕಾರಣಕ್ಕೆ ಪ್ಯಾನೆಲಿನ ಮೇಲಿಂದ ಕಂಬಕ್ಕೆ ಸ್ಕ್ರೂ ಕೊರೆದು ಕೂರಿಸುವ ಪದ್ಧತಿಯನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಹೊಸ ಕ್ಲಿಪ್ಪಿನ ಬೆಲೆ ಎಷ್ಟೆಂದು ಕೇಳಿದವರು ಆ ಕೆಲಸಕ್ಕೆ ಕೈ ಹಾಕಲಾರರು.

ಪ್ಯಾನೆಲಿನ ಹಿಂದೆ ಇಲಿ ಇದ್ದರೆ

ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿನ ಕನ್ಸೋಲ್ ಬಿಚ್ಚಿದಾಗ ಹುಲ್ಲು, ಗೋಣಿನಾರು, ಕಡಿದ ಸ್ಪಂಜಿನ ಗೂಡು ಸಿಗುವುದು ಸಾಮಾನ್ಯ. ಅದನ್ನು ಏರ್ ಕಂಪ್ರೆಸರಿನಿಂದ ಊದಿ ಹಾರಿಸಬಾರದು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಒಣಗಿದ ಕಸದ ದೂಳು ಮುಚ್ಚಿದ ಕ್ಯಾಬಿನ್ನಿನಲ್ಲಿ ನೇರವಾಗಿ ಮೂಗಿಗೆ ಬರುತ್ತದೆ. ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು, ಬಾಗಿಲುಗಳನ್ನು ತೆರೆದಿಟ್ಟು, ಬ್ಲೀಚಿಂಗ್ ಪುಡಿಯ ನೀರನ್ನು ವೈರಿಂಗಿನ ಮೇಲೆ ಬೀಳದಂತೆ ಗೂಡಿನ ಮೇಲೆ ಚಿಮುಕಿಸಿ, ನೆನೆದ ಮೇಲೆ ಕೈಯಿಂದ ಎತ್ತಿ ತೆಗೆಯಬೇಕು. ವಾಸನೆ ಹಿಡಿದ ಸ್ಪಂಜನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು.

ಕಡಿದ ವೈರನ್ನು ಬರಿಯ ಟೇಪ್ ಸುತ್ತಿ ಬಿಡಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕ್ಯಾಬಿನ್ನಿನಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ. ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ವೈರಿಗೆ ತೂರಿಸಿಟ್ಟು, ಅದೇ ದಪ್ಪದ ವೈರನ್ನು ಸೇರಿಸಿ, ಬೆಸುಗೆ ಹಾಕಿ, ಕೊಳವೆಯನ್ನು ಬೆಸುಗೆಯ ಮೇಲೆ ಸರಿಸಿ ಕಾಯಿಸಬೇಕು. ಒಂದು ಕಡೆ ಕಡಿದಿರುವುದು ಕಂಡರೆ ಆ ಕಟ್ಟಿನ ಉದ್ದಕ್ಕೂ ಬೆರಳಾಡಿಸಿ ನೋಡಬೇಕು, ಇಲಿ ಒಂದೇ ಜಾಗದಲ್ಲಿ ಬಾಯಿ ಹಾಕಿ ಬಿಡುವುದು ಕಡಿಮೆ. ಅದು ಒಳಬಂದ ದಾರಿಯೂ ಈಗಲೇ ಕಾಣುತ್ತದೆ: ನೆಲದಲ್ಲಿ ಕೇಬಲ್ಲು, ಪೈಪು ತೂರುವ ರಂಧ್ರಗಳ ರಬ್ಬರ್ ಬುಷ್ ಕಳಚಿರುತ್ತದೆ, ಅದನ್ನು ಹೊಸದಾಗಿ ಹಾಕದೆ ಪ್ಯಾನೆಲ್ ಮುಚ್ಚಬಾರದು.

ಮರಳಿ ಕೂರಿಸುವುದು

ಕೂರಿಸುವ ಮುನ್ನ ಪ್ರತಿ ಪ್ಯಾನೆಲನ್ನು ತಿರುಗಿಸಿ ಕ್ಲಿಪ್‌ಗಳನ್ನು ಎಣಿಸಬೇಕು. ಕೆಲವು ಗೋಡೆಯ ತೂತಿನಲ್ಲಿಯೇ ಉಳಿದಿರುತ್ತವೆ. ಅವನ್ನು ಬಿಡಿಸಿ ಪ್ಯಾನೆಲಿಗೆ ಸೇರಿಸಿಕೊಳ್ಳದಿದ್ದರೆ ಪ್ಯಾನೆಲ್ ಸರಿಯಾಗಿ ಹಿಡಿಯುವುದಿಲ್ಲ.

ಚಾವಣಿಯಲ್ಲಿ ಇವಾಪರೇಟರ್ ಇರುವ ಗಾಡಿಗಳಲ್ಲಿ ಮೂರು ವಿಷಯಗಳನ್ನು ಲೈನಿಂಗ್ ಮುಚ್ಚುವ ಮೊದಲೇ ಪರೀಕ್ಷಿಸಬೇಕು. ನೀರು ಇಳಿಯುವ ಪೈಪುಗಳು ಹೆಚ್ಚಾಗಿ ಕಂಬದ ಪಕ್ಕದಲ್ಲಿಯೇ ಕೆಳಗಿಳಿದಿರುತ್ತವೆ, ಪ್ಯಾನೆಲ್ ಅವನ್ನು ಅದುಮಿದರೆ ಇವಾಪರೇಟರಿನ ಅಡಿಯ ತಟ್ಟೆಯಲ್ಲಿ ಸೇರುವ ನೀರು ಒಳಗೇ ಉಕ್ಕುತ್ತದೆ. ಆದ್ದರಿಂದ ತಟ್ಟೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಹುಯ್ದು ಅದು ಗಾಡಿಯ ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಇವಾಪರೇಟರಿನ ಪಟ್ಟಿಗಳ ನಡುವೆ ಚುಚ್ಚಿರುವ ಉಷ್ಣಾಂಶದ ಸೆನ್ಸರ್ ಹೊರಬಂದಿದ್ದರೆ ಅದೇ ಜಾಗದಲ್ಲಿ, ಅಷ್ಟೇ ಆಳಕ್ಕೆ ಕೂರಿಸಬೇಕು. ಅದು ಹೊರಗೆ ಜೋತಾಡಿದರೆ ಕಂಪ್ರೆಸರ್ ಸಮಯಕ್ಕೆ ನಿಲ್ಲದೆ ಇವಾಪರೇಟರ್ ಮಂಜುಗಟ್ಟಿ ಗಾಳಿಯೇ ಬರದಂತಾಗುತ್ತದೆ. ಗಾಳಿಯ ಡಕ್ಟಿನ ಬಾಯಿಗಳಲ್ಲಿರುವ ಸ್ಪಂಜಿನ ಪಟ್ಟಿ ಪುಡಿಯಾಗಿದ್ದರೆ ಹೊಸ ಪಟ್ಟಿ ಅಂಟಿಸಬೇಕು, ಇಲ್ಲವಾದರೆ ತಂಪುಗಾಳಿ ಪ್ಯಾನೆಲಿನ ಹಿಂದೆಯೇ ಸೋರಿ ಅಲ್ಲಿ ಬೆವರು ಕಟ್ಟುತ್ತದೆ.

ವೈರುಗಳನ್ನು ಮೊದಲಿದ್ದ ಹಿಡಿಕೆಗಳಲ್ಲಿಯೇ ಕೂರಿಸಿ, ಸ್ಕ್ರೂ ಇಳಿಯುವ ಜಾಗದಿಂದ ದೂರವಿರುವಂತೆ ಕೇಬಲ್ ಟೈ ಹಾಕಿದ ಮೇಲೆ, ಪ್ಯಾನೆಲ್‌ಗಳನ್ನು ಮುಚ್ಚುವ ಮುನ್ನ ಎಲ್ಲ ಕನೆಕ್ಟರ್‌ಗಳನ್ನು ಸೇರಿಸಿ, ಬಿಚ್ಚಿದ್ದ ಬ್ಯಾಟರಿ ತಂತಿ ಜೋಡಿಸಿ, ಬ್ಲೋವರಿನ ಎಲ್ಲ ವೇಗಗಳು, ಎಸಿ, ವೈಪರ್, ವರ್ಕ್ ಲೈಟ್, ಇಂಡಿಕೇಟರ್ ಒಂದೊಂದನ್ನೂ ಹಾಕಿ ನೋಡಬೇಕು. ಎಲ್ಲವನ್ನೂ ಮುಚ್ಚಿದ ಬಳಿಕ ಒಂದು ಲೈಟ್ ಉರಿಯುವುದಿಲ್ಲ ಎಂದು ತಿಳಿದರೆ ಅರ್ಧ ದಿನ ಮತ್ತೆ ಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ನೆಗೆಟಿವ್ ತಂತಿಯನ್ನು ಪುನಃ ತೆಗೆದು ಮುಂದುವರಿಯಬೇಕು.

ಜೋಡಿಸುವಾಗ ಯಾವ ಸ್ಕ್ರೂವನ್ನೂ ಒಮ್ಮೆಲೇ ಬಿಗಿಯಬಾರದು. ಮೊದಲು ಕ್ಲಿಪ್‌ಗಳನ್ನು ತೂತಿಗೆ ಹೊಂದಿಸಿ ಅಂಗೈಯಿಂದ ಅದುಮಿದರೆ ಟಕ್ ಎಂಬ ಸದ್ದು ಬರುತ್ತದೆ. ಆಮೇಲೆ ಎಲ್ಲ ಸ್ಕ್ರೂಗಳನ್ನು ಎರಡು ಮೂರು ಸುತ್ತು ಮಾತ್ರ ಹಿಡಿಸಿ, ಅಂಚುಗಳು ಸರಿಯಾಗಿ ಸೇರಿವೆಯೇ ಎಂದು ನೋಡಿ, ಬಳಿಕ ಬಿಗಿ ಮಾಡಬೇಕು. ಪ್ಲಾಸ್ಟಿಕ್ಕಿನೊಳಗೆ ಇಳಿಯುವ ಸ್ಕ್ರೂವನ್ನು ಮೊದಲು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಬೇಕು. ಸಣ್ಣಗೆ ತಗ್ಗಿಗೆ ಬಿದ್ದ ಅನುಭವ ಬೆರಳಿಗೆ ಆದ ಕೂಡಲೇ ಮುಮ್ಮುಖವಾಗಿ ತಿರುಗಿಸಿದರೆ ಅದು ಹಳೆಯ ಮರೆಯಲ್ಲಿಯೇ, ಅಂದರೆ ಮೊದಲಿದ್ದ ಸುರುಳಿ ಗೆರೆಯಲ್ಲಿಯೇ, ಇಳಿಯುತ್ತದೆ. ನೇರವಾಗಿ ಒತ್ತಿ ತಿರುಗಿಸಿದರೆ ಹೊಸ ಮರೆ ಕೊರೆದು, ಎರಡು ಸಲ ಬಿಚ್ಚುವಷ್ಟರಲ್ಲಿ ತೂತು ಸವೆಯುತ್ತದೆ. ಇಲ್ಲಿ ಬ್ಯಾಟರಿ ಡ್ರಿಲ್ ಬೇಡ, ಕೈಯೇ ಸರಿ. ಲೋಹಕ್ಕೆ ಬಿಗಿಯುವ ಎಂ6 ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಸೀಟ್ ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳನ್ನು ಮಾತ್ರ ಕೈ ಅಂದಾಜಿಗೆ ಬಿಡದೆ, ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಎಲ್ಲ ಮುಗಿದ ಮೇಲೆ ಬೀಡಿಂಗನ್ನು ಪ್ಯಾನೆಲಿನ ಅಂಚಿನ ಮೇಲೆ ಕೂರಿಸಿ, ಕತ್ತಲಾದ ಬಳಿಕ ಒಬ್ಬರು ಒಳಗೆ ಕುಳಿತು ಬಾಗಿಲು ಹಾಕಿಕೊಂಡು ಟಾರ್ಚಿನ ಬೆಳಕನ್ನು ಬಾಗಿಲ ಸುತ್ತ ಮತ್ತು ನೆಲದ ಮೂಲೆಗಳಲ್ಲಿ ಹಾಯಿಸಬೇಕು. ಹೊರಗೆ ನಿಂತವರಿಗೆ ಬೆಳಕು ಕಂಡಲ್ಲೆಲ್ಲ ದೂಳೂ ಬರುತ್ತದೆ. ಮಾರನೆಯ ದಿನ ಹೊಲಕ್ಕೆ ಇಳಿಸುವ ಮುನ್ನ ಎಂಜಿನ್ ಚಾಲೂ ಇಟ್ಟು, ಬೇರೆ ಬೇರೆ ರೇಸಿನಲ್ಲಿ ಒಂದೊಂದು ಪ್ಯಾನೆಲಿನ ಮೇಲೆ ಅಂಗೈ ಇಟ್ಟು ಒತ್ತಬೇಕು. ಒತ್ತಿದಾಗ ಸದ್ದು ನಿಂತರೆ ಆ ಪ್ಯಾನೆಲಿನ ಒಂದು ಕ್ಲಿಪ್ ಇನ್ನೂ ಕೂತಿಲ್ಲ; ಅದನ್ನು ಅಲ್ಲಿಯೇ ಸರಿಪಡಿಸಿ, ಮೊದಲ ವಾರದ ಉಳುಮೆಯ ನಂತರ ಚಾವಣಿಯ ಸ್ಕ್ರೂಗಳನ್ನು ಇನ್ನೊಮ್ಮೆ ಕೈಯಿಂದ ಬಿಗಿದು ನೋಡಬೇಕು.