ಬೆಳಗ್ಗೆ ಆರರ ಹಾಜರಿ, ಕೈಯಲ್ಲೊಂದು ಊದುವ ಮೀಟರ್

ನಮ್ಮದು ಮಲೆನಾಡಿನ ಪುಟ್ಟ ಪಟ್ಟಣ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ, ಅವತ್ತು ನಮ್ಮ ಕ್ಯಾಂಪ್ ಇದ್ದೇ ಇರುತ್ತದೆ. ಶಾಮಿಯಾನ ಹಾಕಿ, ಸಾಲಾಗಿ ಕೂರಿಸಿ, ಬಿಪಿ, ಶುಗರ್ ನೋಡಿ, ಕಾರ್ಡ್ ಕೊಟ್ಟು ಕಳಿಸುವುದು. ಮೂರು ವರ್ಷ ನಾನೂ ಹಾಗೇ ಮಾಡಿದೆ. ನಾಲ್ಕನೇ ವರ್ಷ ಒಬ್ಬ ಅಕ್ಕ ಕಾರ್ಡನ್ನು ಆಚೀಚೆ ತಿರುಗಿಸಿ ನೋಡಿ, "ಸಿಸ್ಟರ್, ಎಲ್ಲ ನಾರ್ಮಲ್ ಅಂತ ಬರ್ದಿದೀರಿ. ಮತ್ತೆ ಶನಿವಾರ ಬಂದ್ರೆ ನಂಗ್ಯಾಕೆ ಉಸಿರು ಕಟ್ತದೆ?" ಅಂದರು.

ಏನು ಹೇಳಲಿ? ಅವರು ಯಾವ ಕೆಲಸ ಮಾಡುತ್ತಾರೆ ಅಂತಲೇ ನಾನು ಕೇಳಿರಲಿಲ್ಲ. ಕಾರ್ಡಿನಲ್ಲಿ ಅದನ್ನು ಬರೆಯಲು ಜಾಗವೂ ಇರಲಿಲ್ಲ.

ಡಾಕ್ಟರ್ ಹತ್ತಿರ ಮಾತಾಡಿ ಒಂದು ಉದ್ದನೆ ನೋಟ್‌ಬುಕ್ ತಂದೆ. ಒಬ್ಬರಿಗೊಂದು ಪುಟ, ಒಟ್ಟು 43. ಹೆಸರಿನ ಕೆಳಗೆ ಮೊದಲು ಬರೆದದ್ದು ಕೆಲಸ. ಬಿಪಿ ಆಮೇಲೆ. ರಸ್ತೆ ಗುಡಿಸುವವರು, ಚರಂಡಿ ಹೂಳು ಎತ್ತುವವರು, ಆಟೊ ಟಿಪ್ಪರ್‌ಗೆ ಕಸ ತುಂಬುವವರು, ಟಾಯ್ಲೆಟ್ ತೊಳೆಯುವವರು. ಎಲ್ಲರಿಗೂ ಪೌರಕಾರ್ಮಿಕರು ಅಂತ ಹೆಸರು ಒಂದೇ, ಮೈಗೆ ತಾಗುವುದು ಬೇರೆ ಬೇರೆ. ಗುಡಿಸುವವರಿಗೆ ಧೂಳು. ಟಿಪ್ಪರಿನವರಿಗೆ ಸೊಂಟ ನೋವು, ಒಡೆದ ಗಾಜು, ಮನೆಗಳಿಂದ ಬರುವ ಇನ್ಸುಲಿನ್ ಸೂಜಿ. ಚರಂಡಿಯವರಿಗೆ ಮಳೆಗಾಲದಲ್ಲಿ ಇಲಿ ಜ್ವರದ ಭಯ. ಜ್ವರದ ಜೊತೆ ಕಣ್ಣು ಕೆಂಪಾಗಿ ಮೀನಖಂಡ ನೋಯುತ್ತಿದ್ದರೆ ಅವತ್ತೇ ಬರಬೇಕು ಅಂತ ಅವರಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಜ್ವರ ಬರದಂತೆ, ಡಾಕ್ಟರ್ ಬರೆದುಕೊಟ್ಟವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತೇವೆ. ಖಾಲಿ ಹೊಟ್ಟೆಗೆ ಬೇಡ, ತಿಂಡಿ ಆದಮೇಲೆ.

ಆಸ್ಪತ್ರೆಗೆ ಬನ್ನಿ ಅಂದರೆ ಯಾರೂ ಬರಲ್ಲ. ಬಂದರೆ ಅವತ್ತಿನ ಹಾಜರಿ ಹೋಯಿತು. ಹಾಗಾಗಿ ನಾನೇ ಹೋದೆ, ಬೆಳಗ್ಗೆ ಆರಕ್ಕೆ, ಮೇಸ್ತ್ರಿ ಹಾಜರಿ ಕೂಗುವ ಜಾಗಕ್ಕೆ. ಕೈಯಲ್ಲಿ ಒಂದು ಪೀಕ್ ಫ್ಲೋ ಮೀಟರ್, ಊದಿದ ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ನಿಮಿಷಕ್ಕೆ ಇಷ್ಟು ಲೀಟರ್ ಲೆಕ್ಕದಲ್ಲಿ ತೋರಿಸುವುದು. ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಅಂಕಿ, ಅದರ ಮೇಲೆ ಜಾರುವ ಒಂದು ಮುಳ್ಳು. ಮುಳ್ಳನ್ನು ಕೆಳಕ್ಕೆ ಎಳೆದು, ನಿಂತುಕೊಂಡು, ಎದೆ ತುಂಬ ಉಸಿರು ತಗೊಂಡು, ತುಟಿ ಬಿಗಿ ಹಿಡಿದು ಒಂದೇ ಏಟಿಗೆ ಊದಬೇಕು. ಮೂರು ಸಲ ಊದಿಸಿ ದೊಡ್ಡ ಅಂಕಿ ಬರೆದುಕೊಳ್ಳುವುದು. ಬಾಯಿಗೆ ಇಡುವ ರಟ್ಟಿನ ತುಂಡು ಒಬ್ಬೊಬ್ಬರಿಗೂ ಹೊಸದು. ಮೊದಲ ದಿನ ನಗುವೋ ನಗು, ಜಾತ್ರೆ ಪೀಪಿ ಅಂತ. ನಗುತ್ತಾ ಊದಿದರೆ ಅಂಕಿ ಸರಿ ಬರಲ್ಲ, ಅವತ್ತಿನದ್ದೆಲ್ಲ ಹೊಡೆದು ಹಾಕಿದೆ.

ಈ ಅಂಕಿ ಎತ್ತರ, ವಯಸ್ಸಿನ ಮೇಲೆ ಹೋಗುತ್ತದೆ. ಪಕ್ಕದವರದ್ದಕ್ಕೆ ಹೋಲಿಸಿದರೆ ಏನೂ ತಿಳಿಯಲ್ಲ. ಅವರದ್ದೇ ಒಳ್ಳೆಯ ದಿನದ ಅಂಕಿಗೆ ಹೋಲಿಸಬೇಕು. ಅದರ 80%ಗಿಂತ ಕೆಳಗಿಳಿದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಅಂತ ಇಟ್ಟುಕೊಂಡೆ. ವಾರಕ್ಕೆ ಎರಡು ಸಲ, ರಜೆ ಮುಗಿಸಿ ಬಂದ ಸೋಮವಾರ ಮತ್ತು ಶನಿವಾರ.

ಆ ಅಕ್ಕನದ್ದು ಸೋಮವಾರ 340 ಇತ್ತು. ಶನಿವಾರ 250. ಮುಂದಿನ ವಾರವೂ ಹಾಗೇ.

ಅವರ ಜೊತೆ ಬಸ್ ಸ್ಟ್ಯಾಂಡ್ ಟಾಯ್ಲೆಟ್‌ಗೆ ಹೋದೆ. ಬಾಗಿಲು ಅರ್ಧ ಎಳೆದುಕೊಂಡರು, ಜನ ನುಗ್ಗಬಾರದು ಅಂತ. ಬ್ಲೀಚಿಂಗ್ ಪೌಡರ್ ಉದುರಿಸಿ, ಅದರ ಮೇಲೇ ಆಸಿಡ್ ಬಾಟಲಿ ಬಗ್ಗಿಸಿದರು. ಬುರುಬುರು ನೊರೆ ಎದ್ದು ನನ್ನ ಕಣ್ಣಲ್ಲಿ ನೀರು ಸುರಿಯಿತು. ಕ್ಲೋರಿನ್ ಅನಿಲ ಅದು. ಇಬ್ಬರೂ ಕೆಮ್ಮುತ್ತಾ ಹೊರಗೆ ಓಡಿ ಬಂದೆವು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವರು ಹೇಳಿದ್ದು: "ಘಾಟು ಬಂದ್ರೇನೇ ಸಿಸ್ಟರ್ ಕ್ಲೀನ್ ಆಗೋದು." ಯಾರು ಹೇಳಿಕೊಟ್ಟರು ಅಂದರೆ, ಹಿಂದೆ ಇದ್ದವರು ಹೀಗೇ ಮಾಡುತ್ತಿದ್ದರಂತೆ.

ಆಸಿಡ್ ಕೊಡುವುದನ್ನೇ ನಿಲ್ಲಿಸಿ ಅಂತ ಡಾಕ್ಟರ್ ಕೈಲಿ ಬರೆಸಿದೆ. ನಿಲ್ಲಲು ಎರಡು ತಿಂಗಳು ಹಿಡಿಯಿತು, ಸ್ಟೋರಿನಲ್ಲಿದ್ದದ್ದು ಖಾಲಿಯಾಗಬೇಕಿತ್ತಲ್ಲ! ಅಲ್ಲಿವರೆಗೆ ಒಂದು ದಿನ ಬ್ಲೀಚಿಂಗ್, ಒಂದು ದಿನ ಆಸಿಡ್, ನಡುವೆ ಚೆನ್ನಾಗಿ ನೀರು, ಬಾಗಿಲು ಪೂರ್ತಿ ತೆಗೆದು. ಆ ಅಕ್ಕನಿಗೆ ಡಾಕ್ಟರ್ ಇನ್‌ಹೇಲರ್ ಕೊಟ್ಟರು. ಮೂರನೇ ತಿಂಗಳು ಶನಿವಾರದ ಅಂಕಿ 320ಕ್ಕೆ ಬಂತು.

ಆದರೆ ಉಸಿರಿಗಿಂತ ಕಷ್ಟದ್ದು ಬಾಯಿ ಬಿಡಿಸುವುದು. "ಶುಗರ್ ಇದೆ ಅಂತ ಬರೆದ್ರೆ ಕಂಟ್ರ್ಯಾಕ್ಟರು ತೆಗೀತಾರಾ?" ಅಂತ ಕೇಳದವರೇ ಇಲ್ಲ. ಸುಮ್ನೆ ಕೇಳಿದ್ದಲ್ಲ. ಹಿಂದೊಮ್ಮೆ ಕ್ಯಾಂಪಿನ ಪಟ್ಟಿ ಹಾಗೇ ಮೇಸ್ತ್ರಿ ಕೈಗೆ ಹೋಗಿ, ಬಿಪಿ ಇದ್ದ ಒಬ್ಬರನ್ನು ಮನೆಗೆ ಕಳಿಸಿದ್ದರು. ಆ ಪಟ್ಟಿ ಬರೆದವಳು ನಾನೇ. ಈಗ ನೋಟ್‌ಬುಕ್ ನನ್ನ ಬೀರುವಿನಲ್ಲಿರುತ್ತದೆ. ಮೇಸ್ತ್ರಿಗೆ ಹೋಗುವುದು ಒಂದೇ ಸಾಲಿನ ಚೀಟಿ, "15 ದಿನ ಟಾಯ್ಲೆಟ್ ಕೆಲಸ ಬೇಡ" ಅನ್ನುವ ಥರ. ಕಾಯಿಲೆ ಹೆಸರು ಅದರಲ್ಲಿ ಇರುವುದಿಲ್ಲ.

ಹೆಂಗಸರ ಪುಟಗಳಲ್ಲಿ ಉರಿಮೂತ್ರ ಮತ್ತೆ ಮತ್ತೆ ಬರುತ್ತಿತ್ತು. ಮಾತ್ರೆ ಕೊಟ್ಟರೆ ವಾಸಿ, ತಿಂಗಳಿಗೆ ಮತ್ತೆ ಅದೇ. ಒಂದು ಬೆಳಗ್ಗೆ ಅವರ ಹಿಂದೆಯೇ ನಡೆದೆ. ಆರರಿಂದ ಹನ್ನೊಂದರವರೆಗೆ ಒಬ್ಬರೂ ನೀರು ಕುಡಿಯಲಿಲ್ಲ. ಕುಡಿದರೆ ಹೋಗುವುದು ಎಲ್ಲಿಗೆ? ಆ ದಾರಿಯಲ್ಲಿ ಒಂದು ಟಾಯ್ಲೆಟ್ ಇಲ್ಲ. ಊರಿನ ಟಾಯ್ಲೆಟ್ ತೊಳೆಯುವವರಿಗೇ ಟಾಯ್ಲೆಟ್ ಇಲ್ಲ, ನೋಡಿ. ಒಂದು ಕಲ್ಯಾಣ ಮಂಟಪದವರು ಹಿಂದಿನ ಬಾಗಿಲ ಬೀಗದ ಕೈ ಕೊಟ್ಟರು. ಆ ವಾರ್ಡಿನವರದ್ದು ಕಮ್ಮಿಯಾಯಿತು. ಉಳಿದ ವಾರ್ಡುಗಳದ್ದು ಹಾಗೇ ಇದೆ.

ಕಸದ ಸೂಜಿ ಚುಚ್ಚಿದರೆ ರಕ್ತದಿಂದ ಅಂಟಬಹುದಾದ ಲಿವರ್ ಕಾಯಿಲೆ ಹೆಪಟೈಟಿಸ್ ಬಿ, ಅದರ ಲಸಿಕೆಯೂ ಶುರು ಮಾಡಿದ್ದೆವು. ಮೊದಲನೆಯದು ಆಗಿ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೊದಲ ಎರಡಕ್ಕೆ 43 ಜನವೂ ಬಂದರು. ಮೂರನೆಯದಕ್ಕೆ 39. ನಡುವೆ ಟೆಂಡರ್ ಬದಲಾಗಿ ನಾಲ್ಕು ಜನ ಕೆಲಸ ಕಳೆದುಕೊಂಡಿದ್ದರು. ಪುಟದ ಮೂಲೆಯಲ್ಲಿ ಬರೆದುಕೊಂಡಿದ್ದ ನಂಬರುಗಳಿಗೆ ಫೋನ್ ಮಾಡಿದೆ. ಇಬ್ಬರು ಸಂತೆಗೆ ಬಂದವರು ಹಾಗೇ ಬಂದು ಚುಚ್ಚಿಸಿಕೊಂಡು ಹೋದರು. ಇನ್ನಿಬ್ಬರದ್ದು ಸ್ವಿಚ್ ಆಫ್. ಅವರ ಪುಟ ಹರಿದಿಲ್ಲ, ಲಸಿಕೆ ತಡವಾದರೂ ಮೊದಲಿಂದ ಶುರು ಮಾಡಬೇಕಾಗಿಲ್ಲ.